ಕಚ್ಚಿದ್ದಕ್ಕೆ ಆಧಾರವೇನು?

ತೂಕ ಮತ್ತು ಅಳತೆ ಇಲಾಖೆಯಲ್ಲಿ ಬಹಳ ವರ್ಷ ದುಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎಲ್ಲಿ ಏನು ಕಂಡರೂ ಅದು ಯಾವ ಕಡೆಗೆ ವಾಲಿದೆ ಎಂದು ನೋಡುವ ರೋಗ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಮುಳ್ಳು ನಟ್ಟನಡುವೆ ನಿಂತರೆ ಮುದ್ರೆ, ಇಲ್ಲದಿದ್ದರೆ ದಂಡ. ಈ ರೋಗವನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ಲೋಕಕ್ಕೂ ಕ್ಷೇಮ, ನನಗೂ ಕ್ಷೇಮ. ನಾನು ಅದನ್ನು ಮನೆಗೂ ತಂದೆ. ಮದುವೆಯಾದ ಹೊಸದರಲ್ಲಿ ಹೆಂಡತಿ "ಅಡುಗೆ ಹೇಗಿದೆ?" ಎಂದು ಕೇಳಿದಳು. "ಚೆನ್ನಾಗಿದೆ" ಅಂದೆ. ಮಾತು ಒಂದೇ ಕಡೆ ವಾಲಿತೇನೋ ಅನ್ನಿಸಿ, "ಚೆನ್ನಾಗಿಲ್ಲದೆಯೂ ಇದೆ" ಎಂದು ಸೇರಿಸಿದೆ. ಅಂದಿನಿಂದ ಅವಳು ಕೇಳುವುದನ್ನೇ ಬಿಟ್ಟಳು.

ಈ ನಿಷ್ಪಕ್ಷಪಾತದಿಂದಾಗಿ ನಾವು ಅದಾಗಲೇ ಎರಡು ಬಾಡಿಗೆ ಮನೆ ಕಳೆದುಕೊಂಡಿದ್ದೆವು. ಮೊದಲನೆಯ ಮಾಲೀಕ ತನ್ನ ಗೇಟಿನ ಮೇಲೆ "ಶತಮಾನದ ಮನೆ" ಎಂದು ಫಲಕ ಹಾಕಿಸಿದ್ದ. ಅದಕ್ಕೆ ಆಧಾರ ಏನು ಎಂದು ಕೇಳಿದೆ. ಎರಡನೆಯವನು ತನ್ನ ತಾತ ಬರಿಗೈಯಲ್ಲಿ ಕರಡಿಯೊಂದಿಗೆ ಹೋರಾಡಿದ ಕಥೆ ಹೇಳಿದ. ಕರಡಿಯ ಕಡೆಯ ಮಾತನ್ನೂ ಕೇಳಬೇಕಲ್ಲ ಅಂದೆ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಮೂರನೆಯ ಮನೆ ಸಿಕ್ಕಿದ್ದು ದೊಡ್ಡ ಭಾಗ್ಯ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆ, ಒಳ್ಳೆಯ ಬೆಳಕು. ಹೆಂಡತಿ ಅಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಳು. ಹಳೆಯ ಗಿರಾಕಿಗಳು ಎರಡು ಸಲ ವಿಳಾಸ ಬದಲಾದರೂ ಹುಡುಕಿಕೊಂಡು ಬಂದರು. "ಮೂರನೇ ಸಲ ಬರಲ್ಲ ಅವರು. ಈ ಮನೆ ಹೋದ್ರೆ ನನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊಳ್ಳಿ. ನಿಮ್ಮ ಬಾಯಿಗೊಂದು ಗುಂಡಿ ಹೊಲಿದುಬಿಡ್ತೀನಿ" ಎಂದು ಅವಳು ಬಂದ ದಿನವೇ ಎಚ್ಚರಿಸಿದ್ದಳು.

ನಮ್ಮ ಮಾಲೀಕರು ಮಹಡಿಯಲ್ಲಿರುತ್ತಾರೆ. ಮೊಳೆ, ತಿರುಪು, ಸರಪಳಿಗಳನ್ನು ತೂಕಕ್ಕೆ ಮಾರುವ ಅಂಗಡಿ ಅವರದು. ಮನೆ ಕೇಳಲು ಹೋದಾಗ ನನ್ನ ಇಲಾಖೆಯ ಹೆಸರು ಕೇಳಿ ಅವರ ಮುಖ ಸಣ್ಣದಾಯಿತು. ಮನೆ ಕೈತಪ್ಪುತ್ತದೆ ಅನ್ನಿಸಿದ ಗಳಿಗೆಯಲ್ಲಿ ನನ್ನ ಬಾಯಿಂದ ಒಂದು ಮಾತು ಜಾರಿತು. "ಅದು ಹೊಟ್ಟೆಪಾಡಿಗೆ ಅಷ್ಟೆ. ನಾನು ನಿಜವಾಗಿ ಸಂಪಾದಕ. ವಿಶ್ವಕೋಶದ ಸಂಪಾದಕ!"

ಸುಳ್ಳೇನಲ್ಲ. ಅಂತರ್ಜಾಲದಲ್ಲಿ ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದಿದೆಯಲ್ಲ, ಅದರಲ್ಲಿ ನಾನು ಭಾನುವಾರಗಳಂದು ಕಪ್ಪೆಗಳ ಪುಟದಲ್ಲಿ ಪೂರ್ಣವಿರಾಮ ಹಾಕುತ್ತಿದ್ದೆ. ದೀಪಸ್ತಂಭಗಳ ಪುಟದಲ್ಲಿ ಒಮ್ಮೆ ಒಂದು ಇಡೀ ವಾಕ್ಯ ಬರೆದಿದ್ದೂ ಉಂಟು. ಮಾಲೀಕರು ಎದ್ದು ನಿಂತು ಕೈಮುಗಿದರು. ಮನೆ ಸಿಕ್ಕಿತು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಒಂದು ಬೆಳಿಗ್ಗೆ ಮಾಲೀಕರು ಮೊಬೈಲು ಹಿಡಿದುಕೊಂಡು ಮೆಟ್ಟಿಲು ನಡುಗುವಂತೆ ಇಳಿದು ಬಂದರು.

"ಏನ್ರೀ ಸಂಪಾದಕರೇ! ನಮ್ಮ ಗುಡುಗಿಗೆ ಈ ಗತಿ ತಂದಿದ್ದೀರಲ್ರೀ!"

ಗುಡುಗು ಎಂದರೆ ಟೀವಿಯಲ್ಲಿ ದಿನಾ ಸಂಜೆ ಮೇಜು ಗುದ್ದಿ ರಾಜಕೀಯ ವಿಶ್ಲೇಷಣೆ ಮಾಡುವ ಮಹಾಶಯರು. ಅರ್ಧ ದೇಶ ಅವರನ್ನು ಸತ್ಯದ ಬಾಯಿ ಅನ್ನುತ್ತದೆ. ಇನ್ನರ್ಧ ದೇಶ ಬರೀ ಬಾಯಿ ಅನ್ನುತ್ತದೆ. ನಮ್ಮ ಮಾಲೀಕರು ಮೊದಲನೇ ಅರ್ಧದವರು. ಆ ಕಾರ್ಯಕ್ರಮದ ಹೊತ್ತಿನಲ್ಲಿ ಅವರ ಮನೆಯಲ್ಲಿ ಮಿಕ್ಸಿ ಸಹ ತಿರುಗುವುದಿಲ್ಲ. ಕಾರ್ಯಕ್ರಮದ ಪ್ರೇಕ್ಷಕರ ಸಾಲಿನಲ್ಲಿ ಕೂರಲು ಅವರಿಗೆ ಆಹ್ವಾನ ಬಂದಿತ್ತು. ಅದಕ್ಕೆಂದೇ ನನ್ನ ಹೆಂಡತಿಯ ಹತ್ತಿರ ಒಂದು ಕೋಟು ಹೊಲಿಯಲು ಕೊಟ್ಟಿದ್ದರು.

ಮೊಬೈಲಿನಲ್ಲಿ ಗುಡುಗಿನ ಪುಟವಿತ್ತು. ಮೊದಲ ಸಾಲು: "ಇವರು ವಿವಾದಾತ್ಮಕ ರಾಜಕೀಯ ವಿಶ್ಲೇಷಕರು."

"ಆ ವಿವಾದಾತ್ಮಕ ಅನ್ನೋದನ್ನ ಈಗಲೇ ತೆಗೀರಿ."

"ಅದು ನನ್ನ ಮಾತಲ್ಲ ಯಜಮಾನ್ರೇ. ದೊಡ್ಡ ದೊಡ್ಡ ಪತ್ರಿಕೆಗಳು ಹಾಗೇ ಬರೆದಿವೆ. ನ್ಯಾಯಾಲಯ ಅವರ ಕೈಲಿ ಕ್ಷಮೆ ಕೇಳಿಸಿದೆ. ಅದಕ್ಕೆಲ್ಲ ಕೆಳಗಡೆ ಆಧಾರ ಕೊಟ್ಟಿದ್ದಾರೆ, ನೋಡಿ."

"ಹಂಗಾದ್ರೆ ಒಳ್ಳೇದೂ ಒಂದು ಹಾಕಿ! ಅವರು ಶಾಲೇಲಿದ್ದಾಗ ಚರ್ಚಾ ಸ್ಪರ್ಧೇಲಿ ಮೊದಲ ಬಹುಮಾನ ತಗೊಂಡಿದ್ರು."

"ನಿಮಗೆ ಹೇಗೆ ಗೊತ್ತು?"

"ನೋಡಿದ್ರೆ ಗೊತ್ತಾಗಲ್ವೇನ್ರೀ? ಆ ಗಂಟಲು ಬಹುಮಾನ ತಗೊಳ್ದೆ ಬಿಟ್ಟಿರುತ್ತಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನು ನಾನಲ್ಲ. ವಿಶ್ವಕೋಶದ ನಿಯಮವನ್ನು ಗಂಭೀರವಾಗಿ ವಿವರಿಸಿದೆ. ಬರೆದ ಮಾತಿಗೆ ಆಧಾರ ಬೇಕು. ಆಧಾರ ಅಂದರೆ ಬೇರೆಯವರು ಎಲ್ಲಾದರೂ ಅಚ್ಚು ಹಾಕಿರಬೇಕು. ಮಾಲೀಕರು "ಅಷ್ಟೇ ತಾನೆ?" ಅಂದು ಹೊರಟರು.

ನಮ್ಮ ಬೀದಿಯ ಕೊನೆಯಲ್ಲೊಂದು ಮುದ್ರಣಾಲಯ ಉಂಟು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಅಂಗಡಿ ಚೀಲದ ಮೇಲಿನ ಹೆಸರು ಅಚ್ಚು ಹಾಕುವುದು ಅಲ್ಲಿನ ಕೆಲಸ. ಕೆಲಸದ ನಡುವೆ ಯಂತ್ರ ಬಿಡುವಾಗಿದ್ದಾಗ ಅದರ ಯಜಮಾನ ಒಂದು ವಾರಪತ್ರಿಕೆಯನ್ನೂ ಹೊರತರುತ್ತಾನೆ. ಅವನನ್ನು ಎಲ್ಲರೂ ಅಚ್ಚಿನವನು ಅನ್ನುತ್ತಾರೆ. ಯಾರು ಏನು ತಂದು ಕೊಟ್ಟರೂ ಅಚ್ಚು ಹಾಕುವ ಉದಾರಿ. ಆ ಶನಿವಾರದ ಸಂಚಿಕೆಯಲ್ಲಿ ಗುಡುಗಿಗೆ ಬಾಲ್ಯದಲ್ಲೇ ಮೊದಲ ಬಹುಮಾನ ಬಂದ ಸುದ್ದಿ ದಪ್ಪಕ್ಷರದಲ್ಲಿ ಬಂತು. ಮಾಲೀಕರು ಅದನ್ನು ನನ್ನ ಮುಂದೆ ಹರವಿದರು. ನಿಯಮ ನಿಯಮವೇ. ಬಹುಮಾನವನ್ನು ಪುಟಕ್ಕೆ ಸೇರಿಸಿದೆ, ಕೆಳಗೆ ಆಧಾರವನ್ನೂ ಕೊಟ್ಟೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಸೋಮವಾರ ಅಂಗಡಿಗಳಲ್ಲಿ ತಕ್ಕಡಿ ನೋಡುತ್ತಿದ್ದಾಗ ನನಗೆ ಕಸಿವಿಸಿ ಶುರುವಾಯಿತು. ಹೊಗಳಿಕೆಯ ತಟ್ಟೆಯಲ್ಲಿ ಹೊಸದಾಗಿ ಒಂದು ತೂಕದ ಬಟ್ಟು ಬಿದ್ದಿದೆ. ತೆಗಳಿಕೆಯ ತಟ್ಟೆಯಲ್ಲಿ ಬಿದ್ದಿಲ್ಲ. ಪುಟ ವಾಲಿದೆ! ವಾಲಿದ್ದನ್ನು ಕಂಡೂ ಸುಮ್ಮನಿರಲು ನಾನೇನು ಮನುಷ್ಯನೇ? ಇಲಾಖೆಯವನು.

ಭಾವಮೈದುನನಿಗೆ ಫೋನು ಮಾಡಿದೆ. ಅವನು ಎರಡನೇ ಅರ್ಧದವನು. ಗುಡುಗು ಟೀವಿಯಲ್ಲಿ ಬಂದರೆ ಚಪ್ಪಲಿ ಎಸೆಯುತ್ತಾನೆ. ಆದ್ದರಿಂದ ಅವನ ಮನೆಯಲ್ಲಿ ಟೀವಿಯ ಮುಂದೆ ಒಂದು ಹಳೆಯ ಕಿಟಕಿಯ ಜಾಲರಿ ಬಿಗಿಸಿದ್ದಾರೆ.

"ಗುಡುಗಿನ ಬಗ್ಗೆ ಒಂದು ಕೆಟ್ಟ ವಿಷಯ ಬೇಕಿತ್ತು ಕಣೋ."

"ಒಂದೇ ಸಾಕಾ ಭಾವ? ಲಾರಿ ಕಳಿಸಲಾ?"

"ಒಂದು ಸಾಕು. ಚರ್ಚಾ ಸ್ಪರ್ಧೆಯ ತೂಕದ್ದೇ ಇರಬೇಕು."

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಆ ಸ್ಪರ್ಧೇಲಿ ತೀರ್ಪುಗಾರರ ಕೈ ಕಚ್ಚಿದ್ದ."

"ಆಧಾರ?"

"ಶನಿವಾರ ಬರುತ್ತೆ."

ಬಂತು. ಅದೇ ಪತ್ರಿಕೆ, ಅದೇ ಪುಟ, ಅದೇ ದಪ್ಪಕ್ಷರ. ನಾನು ಅದನ್ನೂ ಸೇರಿಸಿದೆ. ಮುಳ್ಳು ನಡುವೆ ಬಂದು ನಿಂತಿತು. ಕುರ್ಚಿಗೆ ಒರಗಿ ಬಹಳ ಹೊತ್ತು ಆ ಪುಟವನ್ನು ನೋಡಿ ಆನಂದಪಟ್ಟೆ. ಹೆಂಡತಿ ಮಾಲೀಕರ ಕೋಟಿಗೆ ಕಾಲರು ಕೂರಿಸುತ್ತಿದ್ದಳು. ಎದ್ದು ಬಂದು ಓದಿದಳು.

"ಅಲ್ಲಾ ರೀ, ತೀರ್ಪುಗಾರರನ್ನ ಕಚ್ಚಿದವನಿಗೆ ಅವರೇ ಮೊದಲ ಬಹುಮಾನ ಕೊಟ್ರಾ?"

"ಎರಡಕ್ಕೂ ಆಧಾರ ಇದೆ."

"ಬುದ್ಧಿಗೆ?"

ಇಂಥ ಪ್ರಶ್ನೆಗಳಿಗೆ ವಿಶ್ವಕೋಶದಲ್ಲಿ ಜಾಗವಿಲ್ಲ.

ಮಾಲೀಕರು ಪುಟ ನೋಡಿದ್ದು ಸೋಮವಾರ. ಬೊಬ್ಬೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಒಂದು ಹಲಗೆ ತಂದರು, ನಮ್ಮ ಬಾಗಿಲ ಪಕ್ಕದ ಗೋಡೆಗೆ ತಮ್ಮ ಅಂಗಡಿಯ ಒಳ್ಳೆಯ ಮೊಳೆ ಹೊಡೆದು ನೇತು ಹಾಕಿದರು. "ಮನೆ ಬಾಡಿಗೆಗೆ ಇದೆ."

"ತಿಂಗಳ ಕೊನೆಯೊಳಗೆ ಕಚ್ಚಿದ್ದು ಹೋಗ್ಬೇಕು. ಇಲ್ಲಾ ನೀವು ಹೋಗ್ಬೇಕು."

ಹೆಂಡತಿ ಹಲಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಳಗೆ ಹೋಗಿ ಯಂತ್ರ ತುಳಿಯತೊಡಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನನಗೆ ಮೊದಲ ಸಲ ಹೆದರಿಕೆಯಾಯಿತು.

ಕಚ್ಚಿದ್ದನ್ನು ತೆಗೆದುಬಿಡೋಣ ಎಂದು ಕೂತರೆ, ಅಷ್ಟರಲ್ಲಿ ಒಂದು ದೊಡ್ಡ ದಿನಪತ್ರಿಕೆ ವಿಶ್ವಕೋಶದ ಪುಟ ನೋಡಿಕೊಂಡು "ಬಾಲ್ಯದಲ್ಲೇ ಕಚ್ಚಿದ ವಿಶ್ಲೇಷಕ" ಎಂದು ಬರೆದುಬಿಟ್ಟಿತ್ತು. ಇನ್ಯಾವನೋ ಸಂಪಾದಕ ಆ ದಿನಪತ್ರಿಕೆಯನ್ನು ಪುಟದಲ್ಲಿ ಎರಡನೇ ಆಧಾರವಾಗಿ ಸೇರಿಸಿದ್ದ. ಈಗ ಕಚ್ಚಿದ್ದು ಬಹುಮಾನಕ್ಕಿಂತ ಗಟ್ಟಿಯಾಗಿತ್ತು. ಅಂದು ಸಂಜೆ ಗುಡುಗು ಟೀವಿಯಲ್ಲಿ ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ಹಾರಿತು. "ಯಾರು ಕಚ್ಚಿದ್ದು? ಯಾರನ್ನ ಕಚ್ಚಿದ್ದು? ದೇಶ ಕೇಳ್ತಾ ಇದೆ!" ದೇಶ ಕೇಳುತ್ತಿರಲಿಲ್ಲ. ಆಮೇಲೆ ಕೇಳತೊಡಗಿತು. ಮರುದಿನ ಬೇರೊಂದು ವಾಹಿನಿಯಲ್ಲಿ ನಿವೃತ್ತ ಮೇಷ್ಟರೊಬ್ಬರು ಕಾಣಿಸಿಕೊಂಡು, ಆ ತೀರ್ಪುಗಾರ ತಾನೇ ಎಂದು ಬಲಗೈ ಎತ್ತಿ ಗಾಯದ ಗುರುತು ತೋರಿಸಿದರು. ಅದರ ಮರುದಿನ ಇನ್ನೊಬ್ಬ ಮೇಷ್ಟರು ಬಂದು ಎಡಗೈ ತೋರಿಸಿದರು.

ಕಚೇರಿಯಲ್ಲಿ ಮೇಲಧಿಕಾರಿಗಳು ಕರೆಸಿದರು.

"ಅದನ್ನ ಬರೆದಿದ್ದು ನೀವೇ ಅಂತೆ?"

"ಆಧಾರ ಇತ್ತು ಸಾರ್."

"ಆಧಾರ ಗೀಧಾರ ಇರಲಿ. ಎಡಗೈಯೋ ಬಲಗೈಯೋ? ನಮ್ಮನೇಲಿ ಎರಡು ಪಕ್ಷ ಆಗಿದೆ. ನನ್ನ ಹೆಂಡತಿ ಎಡಗೈ ಅಂತಾಳೆ, ನಮ್ಮತ್ತೆ ಬಲಗೈ ಅಂತಾರೆ. ಮೂರು ದಿನದಿಂದ ಇಬ್ಬರೂ ಮಾತಾಡ್ತಿಲ್ಲ."

"ಒಳ್ಳೇದಲ್ವಾ ಸಾರ್?"

"ನನ್ನ ಹತ್ರಾನೂ ಮಾತಾಡ್ತಿಲ್ಲ ಕಣ್ರೀ, ಊಟಕ್ಕೂ ಕರೀತಿಲ್ಲ!"

ಹೀಗೆ ಎಲ್ಲ ಕಡೆಯಿಂದ ಬೈಸಿಕೊಂಡು ಮನೆಗೆ ಬಂದರೆ, ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಒಬ್ಬರು ಕುಳಿತಿದ್ದರು. ಕುತ್ತಿಗೆಗೆ ಉಣ್ಣೆಯ ಮಫ್ಲರು, ಕೈಯಲ್ಲಿ ಬಿಸಿನೀರಿನ ಲೋಟ. ಟೀವಿಯಲ್ಲಿ ಬೆಟ್ಟದಂತೆ ಕಾಣುವವರು ಬೆಂಚಿನ ಮೇಲೆ ಅರ್ಧ ಜಾಗವನ್ನೂ ತುಂಬಿರಲಿಲ್ಲ.

"ಗುಡುಗು..." ಎಂದು ನನ್ನ ಬಾಯಿಂದ ಹೊರಟಿತು.

"ಕೂತ್ಕೊಳ್ಳಿ ಸ್ವಾಮಿ" ಎಂದರು. ದನಿ ಬಾವಿಯ ತಳದಿಂದ ಬಂದಂತಿತ್ತು. "ಮನೇಲಿ ನನಗೆ ಇಷ್ಟೇ ದನಿ. ಉಳಿದಿದ್ದೆಲ್ಲ ಸಂಜೆಗೆ ಎತ್ತಿಟ್ಟಿರ್ತೀನಿ. ಆ ವಾರಪತ್ರಿಕೆಯವನು ನಿಮ್ಮ ವಿಳಾಸ ಕೊಟ್ಟ. ನಾನು ಯಾರನ್ನೂ ಕಚ್ಚಿಲ್ಲ."

"ಇರಬಹುದು. ಆಧಾರ?"

"ನಾನೇ ಹೇಳ್ತಿದ್ದೀನಲ್ಲ!"

"ತಮ್ಮ ಬಗ್ಗೆ ತಾವೇ ಹೇಳ್ಕೊಂಡ್ರೆ ಹೇಗೆ? ಬೇರೆಯವರು ಅಚ್ಚು ಹಾಕಿರ್ಬೇಕು."

"ಕಚ್ಚಿಲ್ಲ ಅಂತ ಯಾವ ಪತ್ರಿಕೆಯವನು ಅಚ್ಚು ಹಾಕ್ತಾನ್ರೀ? ನೀವು ಇವತ್ತು ಬೆಳಗ್ಗೆಯಿಂದ ಯಾರನ್ನೂ ಕಚ್ಚಿಲ್ಲ. ಅದು ಯಾವುದರಲ್ಲಿ ಬಂದಿದೆ?"

ನಾನು ನಿಯಮಗಳನ್ನು ಬೆರಳೆಣಿಸಿ ನೆನಪಿಸಿಕೊಳ್ಳತೊಡಗಿದೆ. ಅವರು ಬಿಸಿನೀರು ಗುಟುಕರಿಸಿ ನಿಟ್ಟುಸಿರು ಬಿಟ್ಟರು.

"ಇಷ್ಟು ವರ್ಷದಿಂದ ದಿನಾ ಸಂಜೆ ಬಾಯಿಗೆ ಬಂದಿದ್ದೆಲ್ಲ ಹೇಳ್ತಾ ಬಂದಿದ್ದೀನಿ. ಯಾವನೂ ಒಂದು ಸಲ ಆಧಾರ ಕೇಳಿಲ್ಲ. ಜೀವನದಲ್ಲಿ ಮೊದಲ ಸಲ ನಿಜ ಹೇಳೋಕೆ ಬಂದ್ರೆ ನೀವು ಕೇಳ್ತಿದ್ದೀರಿ."

"ಹಾಗಾದ್ರೆ ಸ್ಪರ್ಧೇಲಿ ಏನಾಯ್ತು?"

"ಏನೂ ಆಗ್ಲಿಲ್ಲ. ನನಗೆ ಶಾಲೇಲಿ ಬಾಯಿಂದ ಮಾತೇ ಹೊರಡ್ತಿರಲಿಲ್ಲ. ನನ್ನ ಹೆಸರು ಕೂಗಿದಾಗ ನೀರಿನ ತೊಟ್ಟಿ ಹಿಂದೆ ಬಚ್ಚಿಟ್ಕೊಂಡಿದ್ದೆ. ಎಲ್ಲರೂ ಹೋದ್ಮೇಲೆ ಎದ್ದು ಅಳ್ತಾ ಮನೆಗೆ ಹೋದೆ."

"ಬಹುಮಾನ?"

"ಎಲ್ಲೀ ಬಹುಮಾನ! ಆದ್ರೆ ಅದು ಇರಲಿ ಸ್ವಾಮಿ. ನಮ್ಮಮ್ಮ ಅದನ್ನ ಓದಿ ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ. ನಾನು ಅಳ್ತಾ ಬಂದಾಗ ಮುಖ ತೊಳೆದವಳೇ ಅವಳು. ಆದ್ರೂ ಅಚ್ಚಾಗಿದೆ ಅಂದ್ಮೇಲೆ ನಂಬಿಬಿಟ್ಟಳು. ಆಮೇಲೆ ಕಚ್ಚಿದ್ದನ್ನೂ ನಂಬಿದ್ಲು. ನಿನ್ನೆ ಫೋನ್ ಮಾಡಿ, 'ಮೇಷ್ಟ್ರನ್ನ ಯಾಕೆ ಕಚ್ಚಿದ್ಯಪ್ಪಾ' ಅಂತ ಅತ್ಲು. ಅದೊಂದು ತೆಗೆದುಬಿಡಿ."

ನನಗೆ ಪಾಪ ಅನ್ನಿಸಿತು. ಆದರೂ ರೋಗ ಬಿಡಬೇಕಲ್ಲ. "ಒಂದನ್ನೇ ತೆಗೆದ್ರೆ ವಾಲುತ್ತಲ್ಲ ಸಾರ್" ಎಂದೆ.

ಯಂತ್ರದ ಸದ್ದು ನಿಂತಿತು. ಹೆಂಡತಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ರೀ, ಅಂಗಡೀಲಿ ಬಟ್ಟು ಕಳ್ಳತೂಕದ್ದು ಅಂತ ಗೊತ್ತಾದ್ರೆ ಏನ್ ಮಾಡ್ತೀರಿ?"

"ಜಪ್ತಿ ಮಾಡ್ತೀನಿ."

"ಎರಡು ತಟ್ಟೇಲೂ ಕಳ್ಳ ಬಟ್ಟು ಇದ್ರೆ? ಮುಳ್ಳು ನಡುವೆ ನಿಂತಿದೆ ಅಂತ ಮುದ್ರೆ ಒತ್ತಿ ಬರ್ತೀರಾ?"

ನನ್ನ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ಇಡೀ ಸೇವೆಯಲ್ಲಿ ಅಂಥ ಮುದ್ರೆಯನ್ನು ನಾನು ಒಂದೂ ಒತ್ತಿಲ್ಲ. ಯಾವ ತಕ್ಕಡಿಯನ್ನು ಮುಟ್ಟಿದರೂ ಮೊದಲು ಎರಡೂ ತಟ್ಟೆ ಖಾಲಿ ಮಾಡಿ ಮುಳ್ಳು ನೋಡುತ್ತೇನೆ. ಗುಡುಗಿನ ಪುಟದಲ್ಲಿ ಮಾತ್ರ ಎರಡು ಕಡೆಯೂ ಕಳ್ಳ ಬಟ್ಟು ಹೇರಿ, ಕುರ್ಚಿಗೆ ಒರಗಿ ಆನಂದಪಟ್ಟಿದ್ದೆ. ನಾಚಿಕೆಯಾಯಿತು. ಅಲ್ಲೇ ಕುಳಿತು ಬಹುಮಾನವನ್ನೂ ತೆಗೆದೆ, ಕಚ್ಚಿದ್ದನ್ನೂ ತೆಗೆದೆ. ಎಲ್ಲಕ್ಕೂ ಬೇರು ಅಚ್ಚಿನವನ ಪತ್ರಿಕೆಯೊಂದೇ, ದಿನಪತ್ರಿಕೆ ನಕಲು ಹೊಡೆದದ್ದು ನಮ್ಮ ಪುಟವನ್ನೇ ಎಂದು ಉಳಿದ ಸಂಪಾದಕರಿಗೆ ಬಿಡಿಸಿ ಬರೆದೆ. ಅವರೂ ಒಪ್ಪಿದರು. ವಿವಾದಾತ್ಮಕ ಅನ್ನುವುದು ಮಾತ್ರ ಉಳಿಯಿತು. ಅದಕ್ಕೆ ನಿಜವಾದ ಆಧಾರವಿತ್ತು.

"ಬಹುಮಾನಾನೂ ಹೋಯ್ತಾ?" ಎಂದರು ಗುಡುಗು. ಹೋಯಿತು ಅಂದೆ. ಲೋಟ ಕೆಳಗಿಟ್ಟು, "ಹೋಗಲಿ ಬಿಡಿ. ನನ್ನದಲ್ಲವಲ್ಲ" ಎಂದರು.

ಅಷ್ಟರಲ್ಲಿ ಸುದ್ದಿ ಮಹಡಿಗೆ ಮುಟ್ಟಿ ಮಾಲೀಕರು ಒಂದೇ ಉಸಿರಿಗೆ ಇಳಿದು ಬಂದರು. ಗುಡುಗನ್ನು ಕಂಡು ಕಣ್ಣಲ್ಲಿ ನೀರು. "ಸಾರ್! ತಾವು ನಮ್ಮ ಮನೇಗೆ! ತಮ್ಮ ಮೊದಲ ಬಹುಮಾನ..."

"ನಾನು ಯಾವ ಬಹುಮಾನಾನೂ ತಗೊಂಡಿಲ್ಲ. ತೊಟ್ಟಿ ಹಿಂದೆ ಕೂತಿದ್ದೆ."

ಮಾಲೀಕರು ಎದೆಯ ಮೇಲೆ ಕೈಯಿಟ್ಟುಕೊಂಡು ನಮ್ಮತ್ತ ತಿರುಗಿದರು. "ನೋಡಿದ್ರಾ? ಎಂಥಾ ವಿನಯ!"

ಗುಡುಗು ಮಫ್ಲರು ಸರಿಮಾಡಿಕೊಂಡು ಹೊರಟುಹೋದರು. ಅವರಿಗೂ ನನಗೂ ಅಂದು ಒಂದೇ ಜಾತಿಯ ತಲೆನೋವು ಬಂದಿರಬೇಕು.

ನನ್ನ ಪಾಲಿಗೆ ತಂಟೆ ಮುಗಿಯಿತು ಅಂದುಕೊಂಡೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ. ಬಹುಮಾನ ಹೋಗಿದ್ದು ಕಂಡು ಮಾಲೀಕರು ಉರಿದರು, ಹಲಗೆಯನ್ನು ಇಳಿಸಲೇ ಇಲ್ಲ. ಕಚ್ಚಿದ್ದು ಹೋಗಿದ್ದು ಕಂಡು ಭಾವಮೈದುನ ಉರಿದ. "ಭಾವ ಆ ಕಡೆಗೆ ಮಾರಾಟ ಆಗ್ಬಿಟ್ಟಿದ್ದಾರೆ" ಎಂದು ಅವನು, "ಈ ಸಂಪಾದಕ ಆ ಕಡೆಯವನು" ಎಂದು ಇವರು. ಒಬ್ಬರ ಮುಖ ಒಬ್ಬರು ನೋಡದಿದ್ದವರು ಅಚ್ಚಿನವನ ಮುದ್ರಣಾಲಯದಲ್ಲಿ ಎದುರಾದರು. ಜೀವನದಲ್ಲಿ ಮೊದಲ ಸಲ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ ಮೂಡಿತು. ಆ ವಿಷಯ ನಾನು.

ಶನಿವಾರದ ಸಂಚಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: "ವಿವಾದಾತ್ಮಕ ಸಂಪಾದಕ ಮನೆ ಖಾಲಿ ಮಾಡಿ ಪರಾರಿ!"

ನಾನು ಅದನ್ನು ನಮ್ಮ ಮನೆಯಲ್ಲೇ, ನಮ್ಮ ಕುರ್ಚಿಯಲ್ಲೇ ಕುಳಿತು ಓದಿದೆ. ಓದಿ ಮುಗಿಸುವ ಮೊದಲೇ ಬಾಗಿಲಲ್ಲಿ ಗಂಡಹೆಂಡತಿ ಇಬ್ಬರು ನಿಂತಿದ್ದರು. ಗಂಡನ ಕೈಯಲ್ಲಿ ಅದೇ ಪತ್ರಿಕೆ. ಆತನ ಹೆಂಡತಿ ಮರುಗಳಿಗೆಯಲ್ಲೇ ಒಳಗೆ ಬಂದು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಳು.

"ಮನೆ ನೋಡೋಕೆ ಬಂದ್ವಿ. ಇಲ್ಲಿದ್ದವರು ಓಡಿಹೋದ್ರಂತಲ್ಲ."

"ಯಾರು ಓಡಿಹೋಗಿದ್ದು? ನಾನೇ ಇಲ್ಲಿ ಕೂತಿದ್ದೀನಲ್ರೀ!"

ಆತ ನನ್ನನ್ನು ನೋಡಿ, ಪತ್ರಿಕೆ ನೋಡಿ, ತಲೆಯಾಡಿಸಿದ. "ನಿಮ್ಮ ಬಗ್ಗೆ ನೀವೇ ಹೇಳ್ಕೊಂಡ್ರೆ ಹೇಗೆ ಸ್ವಾಮಿ? ಬೇರೆ ಏನಾದ್ರೂ ಆಧಾರ ಇದೆಯಾ?"

ಆಧಾರ ಎಂಬ ಪದ ಅಷ್ಟು ಅಸಹ್ಯವಾದದ್ದೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ನನ್ನ ಹೆಂಡತಿ ಮಾತ್ರ ಸಮಾಧಾನದಿಂದ ಎದ್ದು, ಆ ಹೆಂಗಸು ತೆರೆದಿಟ್ಟ ನಲ್ಲಿ ನಿಲ್ಲಿಸಿ, ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಚಿಲಕ ಬೀಳುವ ಹೊತ್ತಿಗೆ ಹೊರಗಿನಿಂದ ಮಾಲೀಕರ ದನಿ ಕೇಳಿಸಿತು.

"ಅಮ್ಮಾ, ನನ್ನ ಕೋಟು! ಇವತ್ತೇ ಸಂಜೆ ಟೀವಿಗೆ ಹೋಗ್ಬೇಕು. ಕಾರು ಬಂದು ನಿಂತಿದೆ!"

"ಇಲ್ಲಿ ಯಾರೂ ಇಲ್ಲ" ಎಂದಳು ಹೆಂಡತಿ ಒಳಗಿನಿಂದ.

"ಏನಮ್ಮಾ ಹಂಗಂದ್ರೆ? ನೀವು ಮಾತಾಡ್ತಾ ಇದ್ದೀರಲ್ಲ!"

"ನಾವು ಪರಾರಿಯಾಗಿದ್ದೀವಿ. ಪತ್ರಿಕೇಲಿ ಬಂದಿದೆ. ಪರಾರಿಯಾದವರ ಹತ್ರ ನಿಮ್ಮ ಕೋಟು ಹೇಗಿರುತ್ತೆ?"

"ಇದ್ದೀರಮ್ಮಾ! ನೀವು ಇಲ್ಲೇ ಇದ್ದೀರಿ! ನಾನು ಹೇಳ್ತಿದ್ದೀನಲ್ಲ!"

"ಅದಕ್ಕೇನು ಆಧಾರ?"

ಆಮೇಲೆ ಭಾವಮೈದುನನ ದನಿ. ಅವನೂ ಮಾಲೀಕರ ಬೆನ್ನಿಗೆ ಬಂದಿದ್ದ. "ಅಕ್ಕಾ, ಅದು ಭಾವನ ಬಗ್ಗೆ ಬರೆಸಿದ್ದು ಕಣೇ. ನಿನ್ನ ಬಗ್ಗೆ ಅಲ್ಲ."

"ಭಾವ ಮನೆ ಖಾಲಿ ಮಾಡಿದ್ರೆ ಅಕ್ಕ ಎಲ್ಲಿ ಕೂತು ಹೊಲೀತಾಳೆ ಅಂತ ಯೋಚಿಸಿದ್ಯೇನೋ?" ಅವಳ ದನಿ ಒಡೆಯಿತು. "ಗಿರಾಕಿಗಳು ದಿನಾ ಆ ಹಲಗೆ ನೋಡಿ ವಾಪಸ್ ಹೋಗ್ತಿದ್ದಾರೆ ಕಣೋ."

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಸುತ್ತಿಗೆಯ ಸದ್ದು ಕೇಳಿಸಿತು. ಕಿಟಕಿಯಿಂದ ಇಣುಕಿದೆ. ಭಾವಮೈದುನ ಹಲಗೆ ಹಿಡಿದುಕೊಂಡಿದ್ದ, ಮಾಲೀಕರು ತಾವೇ ಹೊಡೆದ ಒಳ್ಳೆಯ ಮೊಳೆಯನ್ನು ಬೆವರು ಸುರಿಸಿಕೊಂಡು ಕೀಳುತ್ತಿದ್ದರು. ಮನೆ ನೋಡಲು ಬಂದ ದಂಪತಿ ರಸ್ತೆಯ ಆಚೆ ನಿಂತು ಪತ್ರಿಕೆಯನ್ನೂ ಗೋಡೆಯನ್ನೂ ಸರದಿಯಲ್ಲಿ ನೋಡುತ್ತಿದ್ದರು.

ಹಲಗೆ ಇಳಿಯಿತು. ಹೆಂಡತಿ ಬಾಗಿಲನ್ನು ಒಂದು ಗೇಣು ತೆರೆದು ಕೋಟನ್ನು ಹೊರಗೆ ಕೊಟ್ಟಳು. ಮಾಲೀಕರು ಅವಸರದಲ್ಲಿ ಬಲಗೈ ತೂರಿಸಿದರು. ಎಡಗೈ ತೂರಿಸಲು ಹೋದರೆ ತೋಳೇ ಇರಲಿಲ್ಲ. ಅಂಗಿಯ ಕೈ ಹಾಗೇ ಹೊರಗೆ ಬಂತು.

"ಅಮ್ಮಾ, ಇನ್ನೊಂದು ತೋಳು?"

ಹೆಂಡತಿ ಯಂತ್ರದ ಮುಂದೆ ಕುಳಿತಾಗಿತ್ತು. ಕತ್ತರಿಸಿಟ್ಟ ಎಡತೋಳು ಅವಳ ಪಕ್ಕದಲ್ಲೇ ಇತ್ತು. ಜೀವನದಲ್ಲಿ ಮೊದಲ ಸಲ ಒಂದು ವಸ್ತು ಒಂದೇ ಕಡೆ ವಾಲಿದ್ದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ.

"ನಾವು ಇಲ್ಲೇ ಇದ್ದೀವಿ ಅಂತ ಶನಿವಾರ ಅಚ್ಚಾಗಿ ಬರಲಿ" ಎಂದಳು ಅವಳು. "ಆಮೇಲೆ ಜೋಡಿಸಿಕೊಡ್ತೀನಿ."